ಅಲೆಯುವ ಕೋಣೆಗೊಂದು ರೌಟರ್

ಅಮಾವಾಸ್ಯೆಯ ಮರುದಿನ ನಮ್ಮ ಊರಿನ ಪತ್ರಿಕೆಯ ನಾಲ್ಕನೆಯ ಪುಟದಲ್ಲಿ ‘ಕೋಣೆ ಎಲ್ಲಿ’ ಎಂಬ ಪಟ್ಟಿ ಬರುತ್ತದೆ. ಮೂವತ್ತೊಂದು ವರ್ಷದಿಂದ ಅದನ್ನು ತಯಾರಿಸುತ್ತಿರುವವನು ನಾನು. ಯಾರ ಮನೆಯ ಕೋಣೆ ಎಲ್ಲಿಗೆ ಹೋಗಿ ನಿಂತಿದೆ, ಬಾಗಿಲು ಯಾವ ದಿಕ್ಕಿಗೆ, ಒಳಗೆ ಯಾರಿದ್ದಾರೆ, ಇಷ್ಟೇ ವಿವರ. ಅಂಚೆಯವರಿಗೆ, ಹಾಲು ಹಾಕುವವರಿಗೆ, ಹೆಣ್ಣು ನೋಡಲು ಬರುವವರಿಗೆ ಅಷ್ಟು ಸಾಕು. ತಪ್ಪು ಬಿದ್ದರೆ ಮಾತ್ರ ಊರು ಬಿಡುವುದಿಲ್ಲ. ಒಮ್ಮೆ ಅಚ್ಚಿನಲ್ಲಿ ‘ಉತ್ತರ’ ಹೋಗಿ ‘ದಕ್ಷಿಣ’ ಎಂದಾಗಿ, ಹೆಣ್ಣು ನೋಡಲು ಬಂದವರು ಬೇರೆ ಯಾರದೋ ಕೋಣೆಗೆ ಹೋಗಿ ಕೂತು, ಉಪ್ಪಿಟ್ಟು ತಿಂದು, ಅಲ್ಲಿದ್ದ ಹುಡುಗಿಯನ್ನೇ ಒಪ್ಪಿಬಿಟ್ಟರು. ನಾವು ತಿದ್ದುಪಡಿ ಹಾಕುವಷ್ಟರಲ್ಲಿ ನಿಶ್ಚಯ ಮುಗಿದಿತ್ತು.

ಪ್ರತಿ ಮನೆಗೂ ಅಂಥದೊಂದು ಕೋಣೆ. ಅಮಾವಾಸ್ಯೆಯ ದಿನ ಮಧ್ಯಾಹ್ನದ ಊಟ ಮುಗಿಸಿ ಊರೆಲ್ಲ ಒಂದು ಗಳಿಗೆ ಅಡ್ಡಾಗುತ್ತದೆ. ಎದ್ದು ನೋಡಿದರೆ ಕೋಣೆ ಜಾಗ ಬದಲಿಸಿರುತ್ತದೆ. ಅಡುಗೆಮನೆಯ ಮಗ್ಗುಲಲ್ಲಿದ್ದದ್ದು ಹಿತ್ತಲಿಗೆ, ಹಿತ್ತಲಲ್ಲಿದ್ದದ್ದು ಮಾಳಿಗೆಗೆ, ಕೆಲವು ಸಲ ಪಕ್ಕದವರ ಗೋಡೆಗೆ. ಬೇರೆಯವರ ಮನೆಗೆ ಅಂಟಿಕೊಂಡರೆ ಆ ಮನೆಯವರು ಮುಂದಿನ ಅಮಾವಾಸ್ಯೆಯವರೆಗೆ ಕೋಣೆಯಲ್ಲಿದ್ದವರಿಗೆ ಊಟ ಹಾಕಬೇಕು. ಜಗಳವಿದ್ದರೂ ಹಾಕಬೇಕು. ಜಗಳವಿದ್ದರೆ ಹೋಳಿಗೆಯನ್ನೇ ಹಾಕುತ್ತಾರೆ, ಆಮೇಲೆ ಆಡಿಕೊಳ್ಳಲು ಅನುಕೂಲವೆಂದು. ಕಾಯಿಲೆಯವರನ್ನು ಮಲಗಿಸುವುದೂ ಈ ಕೋಣೆಯಲ್ಲೇ. ತಿಂಗಳಿಗೊಮ್ಮೆ ಕಿಟಕಿಯಾಚೆ ಬೇರೆ ಅಂಗಳ ಕಾಣುತ್ತದೆ, ಬೇರೆ ಗಾಳಿ ಬರುತ್ತದೆ. ಹಾಗೆ ಮಲಗಿದವರನ್ನು ಹೊತ್ತುಕೊಂಡು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಅವರು ತಮ್ಮ ಕಾಲ ಮೇಲೆ ನಡೆದು ಹೊರಗೆ ಬರಬೇಕು. ಹೊತ್ತು ತರುವುದು ಒಂದೇ ಸಲ, ನಾಲ್ವರ ಹೆಗಲ ಮೇಲೆ.

ನನ್ನ ಅಕ್ಕ ನೀಲಾಂಬಿಕೆ, ಊರಿಗೆಲ್ಲ ನೀಲಕ್ಕ, ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಮೈಕಿನ ಮುಂದೆ ಕೂತವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವ ಯಾವ ಹಳ್ಳಿಯ ಮೇಲೆ ಹೋಗುತ್ತದೆ ಎಂದು ಹೇಳುವುದು ಅವಳ ಕೆಲಸ. ಅವಳ ಮುಖ ನೋಡದವರೂ ಧ್ವನಿ ಬಲ್ಲರು. ಸಂತೆಯಲ್ಲಿ ಅವಳು ಬದನೆಕಾಯಿಯ ದರ ಕೇಳಿದರೆ ಪಕ್ಕದಲ್ಲಿ ಕೂತಿದ್ದವರು ಚೀಲ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರು. ಅವಳು ಮದುವೆಯಾಗಲಿಲ್ಲ. ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ.

ಜ್ಯೇಷ್ಠ ಮಾಸದ ಒಂದು ಬೆಳಿಗ್ಗೆ ಚಹಾ ಸೋಸುತ್ತಿದ್ದವಳ ಬಲಗೈಯಿಂದ ಪಾತ್ರೆ ಜಾರಿತು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಹನ್ನೆರಡು ದಿನದ ಮೇಲೆ ಆಸ್ಪತ್ರೆಯಿಂದ ಕರೆತಂದಾಗ ಬಲಗಾಲು ಏಳುತ್ತಿರಲಿಲ್ಲ, ಬಲಗೈ ಮಡಿಲಲ್ಲಿ ಬಿದ್ದಿತ್ತು, ಮಾತು ಹೋಗಿತ್ತು. ನಾವು ಹೇಳಿದ್ದು ಅವಳಿಗೆ ತಿಳಿಯುತ್ತಿತ್ತು. ಅವಳು ಹೇಳಬೇಕೆಂದದ್ದು ಕಣ್ಣಿನವರೆಗೆ ಬಂದು ನಿಲ್ಲುತ್ತಿತ್ತು. ಎಲ್ಲಿ ಮಲಗಿಸಲಿ ಎಂದು ಕೇಳಿದಾಗ ಎಡಗೈಯಿಂದ ಅಲೆಯುವ ಕೋಣೆಯನ್ನು ತೋರಿಸಿದಳು.

ಮಾತು ಕಲಿಸುವವರು ನಮ್ಮ ಊರಿನಲ್ಲಿ ಇಲ್ಲ. ದೂರದ ಶಹರದ ಒಂದು ಕೇಂದ್ರದಿಂದ ಐರಿನ್ ಎಂಬ ಮೇಡಮ್ಮು ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಟ್ಯಾಬಿನ ಪರದೆಯ ಮೇಲೆ ಬಂದು ಪಾಠ ಮಾಡಲು ಒಪ್ಪಿದರು. ಮೊದಲ ದಿನವೇ ನನಗೆ ಮೂರು ಸಂಗತಿ ಹೇಳಿದರು, ನಾನು ಬರೆದಿಟ್ಟುಕೊಂಡೆ. ಮಾತು ಬೇಗ ಮರಳುವುದು ಮೊದಲ ಆರು ತಿಂಗಳಲ್ಲಿ. ಆಮೇಲೂ ಬರುತ್ತದೆ, ನಿಧಾನ. ತುಟಿ, ನಾಲಗೆ ಹೇಗೆ ಹೊರಳುತ್ತವೆಂದು ನೋಡಿ ಕಲಿಯಬೇಕಾದ್ದರಿಂದ ಚಿತ್ರ ಕಡಿಯಬಾರದು. ಪಾಠ ಮುಕ್ಕಾಲು ಗಂಟೆಯದು. ಅರ್ಧ ಗಂಟೆಗೆ ಮುಂಚೆ ಕಡಿದರೆ ಅದು ಆಗಲಿಲ್ಲವೆಂದೇ ಲೆಕ್ಕ, ಮತ್ತು ಹಾಗೆ ಮೂರು ಪಾಠ ತಪ್ಪಿದರೆ ಕೇಂದ್ರದವರು ಆ ಜಾಗವನ್ನು ಸರದಿಯಲ್ಲಿ ಕಾಯುತ್ತಿರುವ ಮುಂದಿನವರಿಗೆ ಕೊಡುತ್ತಾರೆ.

“ನಿಯಮ ನಾನು ಮಾಡಿದ್ದಲ್ಲ ಸಾರ್,” ಎಂದರು ಐರಿನ್. “ಸರದಿಯಲ್ಲಿ ನೂರಾ ನಲವತ್ತು ಜನ ಇದ್ದಾರೆ. ಎಲ್ಲರೂ ನಿಮ್ಮ ಅಕ್ಕನ ಹಾಗೆಯೇ.”

ನ್ಯಾಯವಾದ ಮಾತು. ನಮ್ಮ ಊರು ಇರುವುದು ಬಟ್ಟಲಿನಂಥ ತಗ್ಗಿನಲ್ಲಿ. ಮೊಬೈಲಿನಲ್ಲಿ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ. ಮನೆಗೆ ತಂತಿಯಲ್ಲಿ ಬರುವ ಇಂಟರ್ನೆಟ್ಟೇ ಗತಿ. ಅದನ್ನು ಮನೆಯೊಳಗೆ ಹರಡಲು ತಂತಿಯವರು ಕೊಟ್ಟಿದ್ದ ಒಂದು ಹಳೆಯ ರೌಟರ್ ಇತ್ತು. ಮೊದಲ ತಿಂಗಳು ಕೋಣೆ ಅಡುಗೆಮನೆಯ ಮಗ್ಗುಲಲ್ಲಿದ್ದಾಗ ಅದು ಸರಿಯಾಗಿ ನಡೆಯಿತು. ಎರಡನೆಯ ತಿಂಗಳು ಕೋಣೆ ಬಚ್ಚಲ ಹಿಂದಕ್ಕೆ ಹೋಯಿತು. ಐರಿನ್ ಬಾಯಿ ತೆರೆದವರು ಹಾಗೆಯೇ ನಿಂತುಬಿಡುವರು. ಅಕ್ಕನೂ ಬಾಯಿ ತೆರೆದುಕೊಂಡು ಕಾಯುವಳು. ಒಂದೇ ವಾರದಲ್ಲಿ ಎರಡು ಪಾಠ ತಪ್ಪಿದವು.

ಬಸ್ ನಿಲ್ದಾಣದ ಎದುರಿಗೆ ಶಾಹೀನ್‌ಳ ಅಂಗಡಿ. ರೌಟರು, ತಂತಿ, ಕ್ಯಾಮೆರಾ ಮಾರುತ್ತಾಳೆ, ತಾನೇ ಬಂದು ಕೂಡಿಸುತ್ತಾಳೆ. ನಾನು ಹೋಗಿ, ಎಲ್ಲಕ್ಕಿಂತ ಗಟ್ಟಿಯಾದದ್ದು ಕೊಡು ಎಂದೆ.

“ಗಟ್ಟಿಯಾದದ್ದು ಬೇಕಂದ್ರ ಪಕ್ಕದಾಗ ಬೀಸುಕಲ್ಲಿನ ಅಂಗಡಿ ಐತ್ರಿ ಕಾಕಾ,” ಎಂದಳು ಶಾಹೀನ್. “ಮೊದಲ ಹೇಳ್ರಿ. ಮನಿ ಗ್ವಾಡಿ ಮಣ್ಣಿಂದೋ, ಇಟ್ಟಂಗೀದೋ? ಈಗಿನ ರೌಟರ್ ಎಲ್ಲಿಟ್ಟೀರಿ?”

“ತಿಜೋರಿ ಮ್ಯಾಲೆ. ಧೂಳು ಬೀಳಬಾರದಂತ ಮ್ಯಾಲೊಂದು ಸ್ಟೀಲಿನ ಬುಟ್ಟಿ ಮುಚ್ಚೀನಿ.”

ಅವಳು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. “ಕಬ್ಬಿಣದ ಮ್ಯಾಲೆ ಕುಂದರ್ಸಿ, ಉಕ್ಕಿನ ಬುಟ್ಟಿ ಬೋರಲ ಹಾಕಿ, ಆಮ್ಯಾಲೆ ಅದಕ್ಕ ಶಕ್ತಿ ಇಲ್ಲ ಅಂತ ಬೈತೀರಿ. ಪೇಪರಿನವರಿಗೆ ಯಾರ ಹೇಳಬೇಕು!”

ಆಮೇಲೆ ತಾಳ್ಮೆಯಿಂದ ತಿಳಿಸಿದಳು. ರೌಟರಿನಿಂದ ಎರಡು ಜಾತಿಯ ಅಲೆ ಹೊರಡುತ್ತವೆ. ಒಂದು ನಿಧಾನ, ಆದರೆ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಇನ್ನೊಂದು ಓಡುತ್ತದೆ, ಗೋಡೆ ಕಂಡರೆ ಕೂತುಬಿಡುತ್ತದೆ. ಮಣ್ಣಿನ ದಪ್ಪ ಗೋಡೆ, ನೀರಿನ ತೊಟ್ಟಿ, ತಗಡು, ಕನ್ನಡಿ, ಇವೆಲ್ಲ ಅದಕ್ಕೆ ಶತ್ರು. ಎತ್ತರದಲ್ಲಿ, ಮನೆಯ ನಡುವೆ, ಬಯಲಿನಲ್ಲಿ ಇಡಬೇಕು.

“ನನ್ನ ಕೇಳಿದ್ರ,” ಎಂದಳು, “ಒಂದು ದೊಡ್ಡದು ಬ್ಯಾಡ, ಮೂರು ಸಣ್ಣವು ಕೂಡಿದ ಜೋಡಿ ತಗೋರಿ. ಒಂದು ಇನ್ನೊಂದಕ್ಕ ದಾಟಿಸ್ತೈತಿ, ಅದು ಮುಂದಿನದಕ್ಕ. ಕೋಣಿ ಹೋದತ್ತ ಒಂದನ್ನ ಹಿಡಕೊಂಡು ಹೋದ್ರಾತು.”

ನಾನು ಮೇಜಿನ ಮೇಲಿದ್ದ, ಎಂಟು ಕೊಂಬಿನ ಕರಿಯ ರೌಟರನ್ನು ನೋಡುತ್ತಿದ್ದೆ. ಚೀಲದಲ್ಲಿ ನನ್ನ ದಾಖಲೆ ಇತ್ತು. ಮೂವತ್ತೊಂದು ವರ್ಷದಲ್ಲಿ ಮುನ್ನೂರ ಎಂಬತ್ತಮೂರು ಅಮಾವಾಸ್ಯೆ. ನಮ್ಮ ಕೋಣೆ ಮುನ್ನೂರ ಅರವತ್ತೆಂಟು ಸಲ ನಮ್ಮ ಗೋಡೆಯೊಳಗೇ ಇತ್ತು. ಹದಿನೈದು ಸಲ ಪಕ್ಕದ ಮನೆಗೆ ಹೋಗಿತ್ತು. ಅದರಾಚೆಗೆ ಒಂದು ಸಲವೂ ಹೋಗಿಲ್ಲ. ಅವಳಿಗೆ ತೋರಿಸಿದೆ.

“ಮೂರು ಡಬ್ಬಿ ದೊಡ್ಡ ಮನಿಯವರಿಗೆ ಶಾಹೀನ್. ನಮ್ಮದು ನಾಲ್ಕು ಅಂಕಣದ ಮನಿ. ಲೆಕ್ಕ ಇಲ್ಲೇ ಐತಿ ನೋಡು.”

“ಲೆಕ್ಕ ಖರೇ ಐತಿ. ಆದ್ರ ಕೊಂಬು ಎಣಿಸಿ ಎಮ್ಮಿ ಕೊಳ್ಳಬ್ಯಾಡ್ರಿ ಕಾಕಾ.”

“ದಾಖಲಾತಿ ಸುಳ್ಳು ಹೇಳೂದಿಲ್ಲವ್ವಾ.”

“ಅದು ಹಿಂದಿಂದು ಹೇಳ್ತೈತಿ,” ಎಂದಳು ಶಾಹೀನ್, ಎಂಟು ಕೊಂಬಿನದನ್ನು ಪೆಟ್ಟಿಗೆಗೆ ಹಾಕುತ್ತ. “ಆತು. ಒಯ್ರಿ. ಬುಟ್ಟಿ ಮಾತ್ರ ಮುಚ್ಚಬ್ಯಾಡ್ರಿ.”

ಎರಡು ತಿಂಗಳು ನನ್ನ ಲೆಕ್ಕವೇ ಗೆದ್ದಿತು. ನಡುಮನೆಯ ತೊಲೆಗೆ ಮೊಳೆ ಹೊಡೆದು ರೌಟರನ್ನು ತೂಗುಹಾಕಿದ್ದೆ. ಕೋಣೆ ಮಾಳಿಗೆಗೆ ಹೋದರೂ, ಪಕ್ಕದ ಮನೆಯ ಹಿತ್ತಲ ಗೋಡೆಗೆ ಹೋಗಿ ನಿಂತರೂ ಐರಿನ್ ಅವರ ಮುಖ ಒಂದು ಸಲವೂ ಕಲ್ಲಾಗಲಿಲ್ಲ. ಅಕ್ಕನ ಬಾಯಿಂದ ಮೊದಲು ಹೊರಟದ್ದು ಹಳೆಯ ಬಸ್ಸಿನ ದಾರಿ. ಹಾಲಗೇರಿ, ಕೆಂಚಿಬಾವಿ, ಮೂರುಕಲ್ಲು, ಜೋಡಿಹುಣಸಿ, ತೋಳನಮರಡಿ. ಒಂದು ಊರಿನ ಹೆಸರು ಎತ್ತಿಕೊಟ್ಟರೆ ಸಾಕು, ಮಿಕ್ಕವು ತಾವಾಗಿ ಉರುಳುತ್ತಿದ್ದವು, ಅದೇ ಮೈಕಿನ ಧ್ವನಿಯಲ್ಲಿ. ನಾನು ಅಡುಗೆಮನೆಗೆ ಹೋಗಿ, ಒಲೆಯ ಮೇಲಿದ್ದದ್ದನ್ನು ಸುಮ್ಮನೆ ಕೈಯಾಡಿಸಿ ಬಂದೆ. ಆದರೆ ಐರಿನ್ ಬೇಗ ಸಂತೋಷಪಡುವವರಲ್ಲ.

“ಇದು ಬಾಯಿಪಾಠ ಸಾರ್. ಎಣಿಕೆ, ಮಗ್ಗಿ, ಹಾಡು, ಇವು ಮೆದುಳಿನಲ್ಲಿ ಬೇರೆ ಕಡೆ ಉಳಿದಿರುತ್ತವೆ. ತಮಗೆ ಬೇಕಾದದ್ದನ್ನು ತಾವೇ ಮಾತು ಕಟ್ಟಿ ಹೇಳಿದರೆ, ಅದು ಮಾತು. ಕಾಯುವ.”

ಐದೂ ಹೆಸರಿನಲ್ಲಿ ‘ಕೆಂಚಿಬಾವಿ’ ಅವಳ ನಾಲಗೆಗೆ ಹತ್ತಿಕೊಂಡಿತು. ನೀರು ಬೇಕಾದರೆ ಕೆಂಚಿಬಾವಿ, ಕಿಟಕಿ ಮುಚ್ಚಬೇಕಾದರೆ ಕೆಂಚಿಬಾವಿ. ಪಕ್ಕದ ಮನೆಯವರು ಒಂದು ತಿಂಗಳಲ್ಲಿ ಅದರ ಏರಿಳಿತ ಕಲಿತುಬಿಟ್ಟಿದ್ದರು. ಮೆಲ್ಲಗೆ ಅಂದರೆ ಚಹಾ, ಎಳೆದು ಅಂದರೆ ದಿಂಬು. ಕೊನೆಗೊಮ್ಮೆ ಅವಳು ದಿಂಬನ್ನು ಗೋಡೆಗೆ ಎಸೆದು ಅತ್ತಳು. ಬೇಕಾದದ್ದು ಏನೆಂದು ನಮಗ್ಯಾರಿಗೂ ಆ ದಿನ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಐದನೆಯ ತಿಂಗಳ ಅಮಾವಾಸ್ಯೆ ಶುಕ್ರವಾರ ಬಂತು. ಮಧ್ಯಾಹ್ನ ಎದ್ದು ನೋಡಿದರೆ ಕೋಣೆ ನಮ್ಮ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯಲ್ಲೂ ಇರಲಿಲ್ಲ. ಅದು ನಮ್ಮಿಂದ ಎಣಿಸಿದರೆ ಬೀದಿಯ ನಾಲ್ಕನೆಯ ಮನೆಗೆ, ಸಾತವ್ವನ ಮನೆಯ ಹಿಂಭಾಗಕ್ಕೆ ಹೋಗಿ ನಿಂತಿತ್ತು.

ಸಾತವ್ವ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವವಳು. ಒಲೆಯ ಕಿಡಿ ತಾಗದಿರಲೆಂದು ಮನೆಯ ಸುತ್ತ, ಮೇಲೆ ತಗಡು ಹೊದಿಸಿದ್ದಾಳೆ. ಆರು ವರ್ಷದ ಹಿಂದೆ ಯಾರದೋ ಕೋಣೆ ಅಲ್ಲಿಗೆ ಹೋದಾಗ ಪಟ್ಟಿಯಲ್ಲಿ ನಾನು ‘ಸಾತವ್ವ ಅವರ ತಗಡಿನ ಶೆಡ್ಡಿನ ಹಿಂದೆ’ ಎಂದು ಬರೆದಿದ್ದೆ. ಅವಳು ಹಿಟ್ಟಿನ ಕೈಯಲ್ಲೇ ಪತ್ರಿಕೆಯ ಕಚೇರಿಗೆ ಬಂದು, ಅದು ನನ್ನ ಮನಿ, ತಿದ್ದು ಎಂದಿದ್ದಳು. ತಗಡು ಇರುವುದು ನಿಜವಾದ್ದರಿಂದ ತಿದ್ದಲು ಬರುವುದಿಲ್ಲ ಎಂದು ನಾನು ಹೇಳಿದ್ದೆ. ಅಂದಿನಿಂದ ನನ್ನೊಡನೆ ಮಾತಿಲ್ಲ.

ಬಾಗಿಲಲ್ಲಿ ನನ್ನನ್ನು ನೋಡಿ ಅವಳು ಸೆರಗಿಗೆ ಕೈ ಒರೆಸಿಕೊಂಡಳು.

“ಬರ್ರಿ. ಶೆಡ್ಡಿನಾಗ ತಲಿ ಬಾಗಿಸಿ ಬರಬೇಕು, ತಗಡು ಬಡಿತೈತಿ.”

ಒಳಗೆ ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಬೆಣ್ಣೆ. ಟ್ಯಾಬ್ ತೆರೆದು ನೋಡಿದೆ. ರೌಟರಿನ ಹೆಸರೇ ಕಾಣಲಿಲ್ಲ. ನಡುವೆ ಎರಡು ಮನೆ, ಅದರ ಮೇಲೆ ಇಷ್ಟು ತಗಡು. ಸಾತವ್ವನ ಮನೆಗೆ ಇಂಟರ್ನೆಟ್ಟಿನ ತಂತಿಯೇ ಇಲ್ಲ. ಹಾಕಿಸಲು ವಾರವಾದರೂ ಬೇಕು. ಅಕ್ಕನನ್ನು ಹೊತ್ತು ಹೊಸ್ತಿಲು ದಾಟಿಸುವಂತೆಯೂ ಇಲ್ಲ. ಮರುದಿನ ಶನಿವಾರ. ಹನ್ನೊಂದಕ್ಕೆ ಪಾಠ. ತಪ್ಪಿದರೆ ಮೂರನೆಯದು.

ಸಂಜೆ ಶಾಹೀನ್‌ಳ ಅಂಗಡಿಗೆ ಹೋದೆ. ಅವಳು ‘ನಾ ಹೇಳಿದ್ದೆ’ ಎನ್ನಲಿಲ್ಲ. ಮೂರು ಡಬ್ಬಿಯ ಜೋಡಿ ತೀರಿದೆ, ಸೋಮವಾರ ಬರುತ್ತದೆ ಎಂದಳು. ನಾಳೆ ತಾನು ಬೇರೆ ಊರಿಗೆ ಹೋಗಲೇಬೇಕು ಎಂದಳು. ಆಮೇಲೆ ಅಟ್ಟದಿಂದ ನೀಲಿ ತಂತಿಯ ಸುರುಳಿ ಇಳಿಸಿದಳು.

“ಅರವತ್ತು ಮೀಟರ್ ಐತಿ. ತೊಂಬತ್ತರ ತನಕ ದಮ್ಮ ಹೋಗೂದಿಲ್ಲ. ಹೊರಗಿನ ಲೈನ್ ಬಂದು ಕೂಡೂ ಡಬ್ಬಿ ಮನ್ಯಾಗ ಇರ್ಲಿ, ಈ ತಂತಿ ತುದಿಗೆ ರೌಟರ್ ಹಚ್ಚಿ, ಮಾಳಗಿ ಮ್ಯಾಲಿಂದ ಒಯ್ರಿ. ಆದ್ರ ತಗಡಿನ ಹಿಂದ ಇಡಬ್ಯಾಡ್ರಿ ಕಾಕಾ. ತಗಡಿಗಿಂತ ಮ್ಯಾಲೆ ಬರಬೇಕು. ಕಿಟಕಿ ನಿಮ್ಮ ಕಣ್ಣಿಗೆ ಕಂಡ್ರ, ರೌಟರಿಗೂ ಕಾಣ್ತೈತಿ.”

ಅಲ್ಲಿಂದ ಕಚೇರಿಗೆ ಹೋಗಿ ಪಟ್ಟಿ ಬರೆದೆ. ನಮ್ಮ ಮನೆಯ ಸಾಲಿಗೆ ಬಂದಾಗ ಪೆನ್ನು ಸ್ವಲ್ಪ ನಿಂತಿತು. ‘ಸಾತವ್ವ ಅವರ ಮನೆಯ ಹಿಂದೆ, ಬಾಗಿಲು ಪೂರ್ವಕ್ಕೆ, ಒಳಗೆ ನೀಲಾಂಬಿಕೆ’ ಎಂದು ಬರೆದೆ. ಅಕ್ಕ ಅಲ್ಲಿ ಊಟ ಮಾಡಿದ್ದಳು, ಅಲ್ಲಿ ಮಲಗಿದ್ದಳು. ಮನೆ ಎನ್ನಲು ಇನ್ನೇನು ಆಧಾರ ಬೇಕು?

ಶನಿವಾರ ಬೆಳಿಗ್ಗೆ ತಂತಿ ಎಳೆದೆ. ನಮ್ಮ ಮಾಳಿಗೆಯಿಂದ ಎರಡನೆಯ ಮನೆಯ ಮಾಳಿಗೆ, ಅಲ್ಲಿಂದ ಮೂರನೆಯ ಮನೆ. ಮೂರನೆಯ ಮನೆಯ ಮಾಸ್ತರು ಕರೆಂಟಿಗೆ ತಮ್ಮ ಜಿನೆಯ ಮೆಟ್ಟಿಲ ಮೇಲಿಂದ ವೈರು ಬಿಟ್ಟುಕೊಟ್ಟು, ತಮಗೆ ತಡವಾಯಿತೆಂದು ಶಾಲೆಗೆ ಹೋದರು. ಅವರ ಮಾಳಿಗೆಗೂ ಸಾತವ್ವನ ಮನೆಗೂ ನಡುವೆ ಒಂದು ಸಂದಿ. ಮಾಳಿಗೆಯ ನೆಲದ ಮೇಲೆ ನಿಂತರೆ ಎದುರಿಗೆ ಬರೀ ತಗಡಿನ ಬೆನ್ನು. ಮಾಳಿಗೆಯ ಅಂಚಿನ ಗಿಡ್ಡ ಗೋಡೆಯ ಮೇಲೆ ಹತ್ತಿ ನಿಂತರೆ ಮಾತ್ರ ತಗಡಿನಾಚೆ ಅಕ್ಕನ ಕಿಟಕಿ ಕಾಣುತ್ತಿತ್ತು. ರೌಟರನ್ನು ಒಂದು ಬಿದಿರಿಗೆ ಕಟ್ಟಿ ನಿಲ್ಲಿಸಲು ನೋಡಿದೆ. ಎಂಟು ಕೊಂಬಿನ ಭಾರಕ್ಕೆ ಬಿದಿರು ಬಾಗಿತು, ಹಗ್ಗ ಜಾರಿತು. ಎರಡನೆಯ ಸಲವೂ ಜಾರಿತು. ಗಡಿಯಾರ ನೋಡಿದರೆ ಹನ್ನೊಂದಕ್ಕೆ ಹತ್ತು ನಿಮಿಷ.

ಬಿದಿರು ಬಿಟ್ಟು, ರೌಟರನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಮೇಲೆ ಹತ್ತಿದೆ. ಗೋಡೆಯ ಅಗಲ ಒಂಬತ್ತು ಇಂಚು. ಆಚೆಗೆ ಹನ್ನೆರಡು ಅಡಿ ಕೆಳಗೆ ಸಂದಿ, ಅದರಲ್ಲಿ ಒಡೆದ ಹಂಚು. ನನಗೆ ಐವತ್ತೊಂಬತ್ತು.

“ಸಾತವ್ವಾ! ಟ್ಯಾಬಿನಾಗ ಯಾರರೆ ಬಂದ್ರೇನು?”

ಕಿಟಕಿಯಲ್ಲಿ ಅವಳ ತಲೆ ಕಂಡಿತು. “ಒಂದು ಚಕ್ರ ತಿರಗಾಕತ್ತೈತಿ. ಮ್ಯಾಲೆ ಮಾಡ್ರಿ!”

ತಲೆಯ ಮೇಲಕ್ಕೆ ಎತ್ತಿದೆ.

“ಚಕ್ರ ಹೋತು. ಯಾರೂ ಬರಲಿಲ್ಲ. ಎಡಕ್ಕ ಸರೀರಿ. ಎಡಕ್ಕ ಅಂದ್ರ ನನ್ನ ಎಡಕ್ಕ! ಹಾಂ. ಬಂದ್ರು! ಡಾಕ್ಟರಬಾಯಿ ಬಂದ್ರು! ಅಲ್ಲೇ ನಿಂದರ್ರಿ, ಅಳ್ಳಾಡಬ್ಯಾಡ್ರಿ!”

ಹನ್ನೊಂದು ಗಂಟೆ ಆರು ನಿಮಿಷ. ಹನ್ನೊಂದೂ ಮೂವತ್ತಾರರವರೆಗೆ ನಿಂತರೆ ಪಾಠ ಆದಂತೆ.

ಕೈ ಇಳಿಸಿದರೆ ಸಾತವ್ವ “ನಿಂತ್ರು, ಕಲ್ಲಾದ್ರು” ಎಂದು ಕೂಗುವಳು. ಎತ್ತಿದರೆ “ಹಾಂ, ಜೀವ ಬಂತು” ಎನ್ನುವಳು. ನಡುನಡುವೆ ಒಳಗಿನ ಸುದ್ದಿಯನ್ನೂ ಕೊಡುತ್ತಿದ್ದಳು. ಡಾಕ್ಟರಬಾಯಿ ಬಾಚಣಿಗೆಯ ಚಿತ್ರ ತೋರಿಸಿದರು. ನೀಲಕ್ಕ ಕೆಂಚಿಬಾವಿ ಅಂದಳು. ಕೊಡೆ ತೋರಿಸಿದರು, ಕೆಂಚಿಬಾವಿ. “ರೊಟ್ಟಿ ಚಿತ್ರ ತೋರಿಸ್ಯಾರ, ಅದು ರೊಟ್ಟಿ ಅಂದ್ರ ಯಾರೂ ನಂಬೂದಿಲ್ಲ ಬಿಡ್ರಿ, ಅಂಥಾ ದಪ್ಪ!” ಹತ್ತು ನಿಮಿಷಕ್ಕೆ ನನ್ನ ತೋಳು ನಡುಗಲು ಶುರುವಾಯಿತು. ಹದಿನೈದಕ್ಕೆ ರೌಟರಿನ ಅಡಿಭಾಗ ಬಿಸಿಯಾಗಿ ಅಂಗೈ ಸುಡತೊಡಗಿತು. ಬಿಸಿಲೂ ಏರುತ್ತಿತ್ತು. ಸಾತವ್ವ ಒಂದು ಸಲ ಕೂಗು ತಗ್ಗಿಸಿ, “ಪೇಪರ್ ನೋಡಿದೆ,” ಎಂದಳು. ನಾನು ತಲೆಯಾಡಿಸಲೂ ಆಗದೆ ನಿಂತಿದ್ದೆ.

ಇಪ್ಪತ್ತು ನಿಮಿಷ ದಾಟಿದ ಮೇಲೆ ನನ್ನ ಬಲಗಾಲು ಒಮ್ಮೆ ಜಾರಿತು. ಗೋಡೆಯ ಗಾರೆ ಉದುರಿ ತಗಡಿನ ಮೇಲೆ ಸದ್ದು ಮಾಡುತ್ತ ಉರುಳಿತು. ನಾನು ಬಾಗಿ, ಎ‍ದ್ದು, ಮತ್ತೆ ಕೈ ಎತ್ತಿದೆ. ಆ ಸದ್ದಿಗೆ ಅಕ್ಕ ಕಿಟಕಿಯತ್ತ ತಿರುಗಿದಳು. ಅಷ್ಟು ಹೊತ್ತು ಅವಳಿಗೆ ಪರದೆ ಮಾತ್ರ ಕಾಣುತ್ತಿತ್ತು. ಪಾಠ ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈಗ ನೋಡಿದಳು. ನಮ್ಮಿಬ್ಬರ ನಡುವೆ ಒಂದು ಸಂದಿಯೂ ಒಂದಿಷ್ಟು ತಗಡೂ ಇದ್ದವು. ಅವಳ ಎಡಗೈ ಮಂಚದ ಅಂಚನ್ನು ಹಿಡಿಯಿತು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

“ಇಳಿ ತಮ್ಮಾ,” ಎಂದಳು. “ಬೀಳ್ತಿ.”

ಬಸ್ಸಿನ ಧ್ವನಿಯಲ್ಲ. ಮನೆಯ ಧ್ವನಿ, ನಾನು ಚಿಕ್ಕಂದಿನಿಂದ ಬೈಸಿಕೊಂಡ ಧ್ವನಿ.

ಕೈಗಡಿಯಾರ ಕಣ್ಣೆದುರೇ ಇತ್ತು. ಹನ್ನೊಂದೂ ಮೂವತ್ತು. ಇನ್ನು ಆರು ನಿಮಿಷ ನಿಂತರೆ ಪಾಠ ದಾಖಲಾಗುತ್ತದೆ, ಜಾಗ ಉಳಿಯುತ್ತದೆ. ಇಳಿದರೆ ಮೂರನೆಯದೂ ಹೋಯಿತು. ಇದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಇನ್ನೊಂದೂ ತಿಳಿದಿತ್ತು. ಐದು ತಿಂಗಳು ಅವಳು ನಾವು ಕೊಟ್ಟದ್ದನ್ನು ಉಂಡು, ಉಡಿಸಿದ್ದನ್ನು ಉಟ್ಟು ಇದ್ದಳು. ಈಗ ತನ್ನದೇ ಮಾತು ಕಟ್ಟಿ ಒಂದು ಕೆಲಸ ಹೇಳಿದ್ದಳು. ಹೇಳಿದ್ದು ಆಗದಿದ್ದರೆ ಮಾತಿನಿಂದ ಅವಳಿಗೇನು ಉಪಯೋಗ?

“ಇಳೀತೀನಕ್ಕಾ,” ಎಂದೆ.

ರೌಟರನ್ನು ಎದೆಗೆ ಅವುಚಿಕೊಂಡು, ಮೊದಲು ಕೂತು, ಆಮೇಲೆ ಒಂದೊಂದೇ ಕಾಲನ್ನು ಒಳಗೆ ಹಾಕಿ ಇಳಿದೆ. ಕಿಟಕಿ ಕಣ್ಣಿನಿಂದ ಮರೆಯಾಯಿತು. ಸಾತವ್ವ ಈ ಸಲ ಏನನ್ನೂ ಕೂಗಲಿಲ್ಲ.

ಜಿನೆ ಇಳಿದು, ಬೀದಿ ಸುತ್ತಿ, ತಲೆ ಬಾಗಿಸಿ ಅವಳ ಮನೆಯೊಳಗೆ ಹೋಗುವಷ್ಟರಲ್ಲಿ ಜೇಬಿನ ಮೊಬೈಲು ರಿಂಗಾಯಿತು. ಐರಿನ್. ಅಕ್ಕನ ಮಂಚದ ಪಕ್ಕದಲ್ಲಿ ನಿಂತೇ ಎತ್ತಿಕೊಂಡೆ.

“ಸಾರ್, ಇಪ್ಪತ್ತನಾಲ್ಕು ನಿಮಿಷ ಆಗಿತ್ತು.”

“ಹೌದು ಮೇಡಮ್. ಇಪ್ಪತ್ತನಾಲ್ಕು.”

“ಕನೆಕ್ಷನ್ ಹೋದದ್ದು ಹೇಗೆ?”

“ನಾನು ಇಳಿದೆ.”

“ಎಲ್ಲಿಂದ?”

ಹೇಳಿದೆ. ಗೋಡೆಯ ಅಗಲವನ್ನೂ ಹೇಳಿದೆ.

“ಇಳಿಯಲು ಹೇಳಿದ್ದು ಯಾರು? ನನಗೆ ಒಂದು ಧ್ವನಿ ಕೇಳಿತು. ಪಕ್ಕದವರದೋ ಏನೋ ಅಂದುಕೊಂಡೆ.”

“ಅಕ್ಕ.”

“ಯಾರೂ ಎತ್ತಿಕೊಡಲಿಲ್ಲ?”

“ಯಾರೂ ಇಲ್ರೀ ಬಾಯಾರ,” ಎಂದಳು ಸಾತವ್ವ ನನ್ನ ಹೆಗಲ ಮೇಲಿಂದ ಮೊಬೈಲಿಗೆ ಬಾಗಿ. “ನಾ ಇಲ್ಲೇ ಇದ್ದೆ. ದೇವರಾಣಿ, ತಾನ ಅಂದ್ಲು.”

“ಹಾಗಾದರೆ ಫೋನನ್ನು ಇಡಬೇಡಿ,” ಎಂದರು ಐರಿನ್. “ಸ್ಪೀಕರ್ ಹಾಕಿ ಮಂಚದ ಮೇಲಿಡಿ. ಉಳಿದ ಆರು ನಿಮಿಷ ಹೀಗೆಯೇ ಮಾಡುವ. ಚಿತ್ರ ಬೇಡ. ನಾನು ಏನೂ ಕೇಳುವುದಿಲ್ಲ, ನೀವೂ ಏನೂ ಎತ್ತಿಕೊಡಬೇಡಿ. ಕಾಯುವ, ಅಷ್ಟೇ. ದಾಖಲೆಯಲ್ಲಿ ಮೂವತ್ತು ನಿಮಿಷ ಅಂತ ಬರೆಯುತ್ತೇನೆ, ಏಕೆಂದರೆ ಮೂವತ್ತು ಆಗುತ್ತದೆ.”

ಮೊಬೈಲನ್ನು ಹೊದಿಕೆಯ ಮೇಲಿಟ್ಟು ನಾನು ಮಂಚದ ತುದಿಯಲ್ಲಿ ಕೂತೆ. ಸಾತವ್ವ ಬಾಗಿಲಿಗೆ ಒರಗಿದಳು. ಅಕ್ಕ ನನ್ನ ಕೈಗಳನ್ನು ನೋಡುತ್ತಿದ್ದಳು. ತನ್ನ ಎಡಗೈಯಿಂದ ನನ್ನ ಒಂದು ಅಂಗೈಯನ್ನು ತಿರುಗಿಸಿದಳು. ರೌಟರಿನ ಅಡಿಯ ಜಾಲರಿ ಅಲ್ಲಿ ಕೆಂಪಗೆ ಗೆರೆಗೆರೆಯಾಗಿ ಮೂಡಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಅವಳ ತುಟಿ ಏನೋ ಒಂದನ್ನು ಹಿಡಿದು, ಅದಲ್ಲವೆಂದು ಬಿಟ್ಟಿತು. ಮತ್ತೊಂದನ್ನು ಹಿಡಿದು ಅದನ್ನೂ ಬಿಟ್ಟಿತು. ಯಾರೂ ಅವಸರ ಮಾಡಲಿಲ್ಲ. ಫೋನಿನೊಳಗೆ ಐರಿನ್ ಉಸಿರಾಡುವುದು ಕೇಳಿಸುತ್ತಿತ್ತು. ಒಲೆಯ ಮೇಲೆ ಸಾತವ್ವನ ಒಂದು ರೊಟ್ಟಿ ಸೀಯುವ ವಾಸನೆ ಬಂತು, ಅವಳು ಹೋಗಲಿಲ್ಲ.

“ಉರಿ?” ಎಂದಳು ಅಕ್ಕ.

“ಹ್ಞೂಂ ಅಕ್ಕಾ,” ಎಂದೆ. “ಸ್ವಲ್ಪ.”

ಅವಳು ನನ್ನ ಅಂಗೈಯನ್ನು ಬಾಯಿಯ ಹತ್ತಿರ ಒಯ್ದು ಊದಿದಳು.